ಚುಕಿಕಮಾಟಾ ತಾಮ್ರದ ಗಣಿ

ಚುಕಿಕಮಾಟಾ ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, ಕಲಾಮಾ ನಗರದ ಸಮೀಪ, ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿರುವ ತಾಮ್ರದ ಗಣಿ. ಸುಮಾರು 4 ಕಿ.ಮೀ. ಉದ್ದ ಮತ್ತು 3 ಕಿ.ಮೀ. ಅಗಲವಿರುವ ಇದು ವಿಶ್ವದ ಅತಿ ದೊಡ್ಡ ತೆರೆದ ಗಣಿಗಳಲ್ಲೊಂದು.

ಭೂರಚನೆ

ಇದು ಪಾರ್ಫಿರಿ ಮಾದರಿಯ ನಿಕ್ಷೇಪ. ಶಿಲಾಪಾಕದಿಂದ ಹೊರಟ ಬಿಸಿ ದ್ರಾವಣಗಳು ಶಿಲೆಯ ಬಿರುಕುಗಳಲ್ಲಿ ತಾಮ್ರ ಮತ್ತು ಮಾಲಿಬ್ಡಿನಮ್‌ನ ಸಲ್ಫೈಡ್ ಖನಿಜಗಳನ್ನು ಸಂಚಯಿಸಿದವು. ನಿಕ್ಷೇಪದ ಪಶ್ಚಿಮ ಭಾಗವನ್ನು ಸ್ತರಭಂಗವೊಂದು ಕತ್ತರಿಸಿದ್ದು, ಅದರಾಚೆಗಿನ ಶಿಲೆಯಲ್ಲಿ ಅದಿರು ಬಹುಮಟ್ಟಿಗೆ ಇಲ್ಲ.

ಇತಿಹಾಸ

ಗುಗೆನ್‌ಹೈಮ್ ಕುಟುಂಬದ ಬಂಡವಾಳದಿಂದ 1915ರಲ್ಲಿ ಬೃಹತ್ ಪ್ರಮಾಣದ ಉತ್ಪಾದನೆ ಆರಂಭವಾಯಿತು. 1923ರಲ್ಲಿ ಅನಕೊಂಡಾ ಕಂಪನಿಯ ಹಿಡಿತಕ್ಕೆ ಬಂದ ಗಣಿಯು 1971ರಲ್ಲಿ ರಾಷ್ಟ್ರೀಕರಣಗೊಂಡಿತು. 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಕೊಡೆಲ್ಕೊ ಇದನ್ನು ನಡೆಸುತ್ತಿದೆ.

ಪಟ್ಟಣದ ಸ್ಥಳಾಂತರ

ಗಣಿಯ ಅಂಚಿನಲ್ಲಿದ್ದ ಕಾರ್ಮಿಕರ ಪಟ್ಟಣವು ಧೂಳು ಹಾಗೂ ವಿಷಾನಿಲಗಳಿಗೆ ತುತ್ತಾಗಿತ್ತು. ತ್ಯಾಜ್ಯಶಿಲೆಯ ರಾಶಿಗಳೂ ಅದರತ್ತ ಚಾಚಿದವು. ನಿವಾಸಿಗಳನ್ನು ಹಂತಹಂತವಾಗಿ ಕಲಾಮಾಕ್ಕೆ ಸ್ಥಳಾಂತರಿಸಲಾಯಿತು. ಪಟ್ಟಣದ ಆಸ್ಪತ್ರೆ ಇಂದು ತ್ಯಾಜ್ಯಶಿಲೆಯಡಿ ಹೂತುಹೋಗಿದೆ.

ವಿಸ್ತರಣೆ

ತೆರೆದ ಗಣಿ ಆಳವಾದಂತೆ, ಅದಿರನ್ನು ತಲುಪಲು ತೆಗೆಯಬೇಕಾದ ನಿರುಪಯುಕ್ತ ಶಿಲೆಯೂ ಟ್ರಕ್ಕುಗಳು ಏರಬೇಕಾದ ದೂರವೂ ಹೆಚ್ಚಿ ವೆಚ್ಚ ಏರಿತು. ಆದುದರಿಂದ 2019ರಲ್ಲಿ ಗುಂಡಿಯ ತಳದ ಕೆಳಗೆ ಭೂಗತ ಗಣಿ ಆರಂಭಗೊಂಡಿತು. ಇಲ್ಲಿ ಅದಿರಿನ ಬುಡವನ್ನು ಸ್ಫೋಟಿಸಿ ಸಡಿಲಗೊಳಿಸಲಾಗುತ್ತದೆ; ತನ್ನ ಭಾರದಿಂದಲೇ ಕುಸಿಯುವ ಅದಿರನ್ನು ಕೆಳಗಿನ ಸುರಂಗಗಳಲ್ಲಿ ಸಂಗ್ರಹಿಸಲಾಗುತ್ತದೆ.