ಪದ ಪರಿಚಯ: ಕೈದಾಳ

ತುಮಕೂರಿನ ಗೂಳೂರು ಬಳಿಯ ಊರು. ಐತಿಹ್ಯದಂತೆ ‘ಕೈ ತಳೆದ’ ಊರು. ತಳೆ ಎಂದರೆ ಹೊಂದು. ಕೆಳ+ತುಟಿ ‘ಕೆಳದುಟಿ’ ಆದಂತೆ ತಕಾರ ದಕಾರವಾಗಿದೆ.

ಕಥೆಯ ಬೇರು ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿಯಲ್ಲಿದೆ. ಹೆಂಡತಿಯನ್ನು ತೊರೆದು ಬಂದ ಶಿಲ್ಪಿ ಜಕಣಾಚಾರಿ ಕಡೆದ ವಿಗ್ರಹದಲ್ಲಿ ದೋಷವಿದೆ ಎಂದ ಹುಡುಗ ಡಂಕಣ. ಪರೀಕ್ಷೆಗೆಂದು ವಿಗ್ರಹಕ್ಕೆ ಬಳಿದ ಗಂಧವೆಲ್ಲ ಒಣಗಿತು, ಹೊಕ್ಕುಳ ಸುತ್ತ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿ ತಾಗಿಸಿದರೆ ನೀರು, ಮರಳು, ಕಪ್ಪೆ! ದೋಷವಿದ್ದರೆ ಕೈ ಕಡಿದುಕೊಳ್ಳುವೆ ಎಂದಿದ್ದ ಜಕಣಾಚಾರಿ ಬಲಗೈ ಕಡಿದುಕೊಂಡ. ಹುಡುಗ ತನ್ನ ಮಗನೇ ಎಂದು ಆಮೇಲೆ ತಿಳಿಯಿತು. ತನ್ನ ಹುಟ್ಟೂರಾದ ಈ ಊರಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಮರಳಿತು.

ಇತಿಹಾಸದಲ್ಲಿ ಆ ಗುಡಿ 1150ರ ಸುಮಾರಿಗೆ ಸಾಮಂತ ಗೂಳಿಬಾಚಿ ಕಟ್ಟಿಸಿದ್ದು. ಜನಪದಕ್ಕೆ ಬೇಕಾಗಿದ್ದ ನ್ಯಾಯವೇ ಬೇರೆ: ತಪ್ಪಿದವನೂ ದುಡಿದು ಕ್ಷಮೆ ಗಳಿಸಬೇಕು. ಊರ ಹೆಸರೇ ಅದಕ್ಕೆ ಸಾಕ್ಷಿ.