ಕಾಲು ತೆಗೆದ ನಾಯಿಯ ಆರೈಕೆ (ಮೂಳೆ ಕ್ಯಾನ್ಸರ್)

ನಾಯಿಗಳಲ್ಲಿ ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್‌ಗಳ ಪೈಕಿ ಆಸ್ಟಿಯೋಸಾರ್ಕೋಮಾ ಅತಿ ಸಾಮಾನ್ಯ. ಗ್ರೇಟ್ ಡೇನ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್‌ನಂಥ ದೊಡ್ಡ ತಳಿಗಳನ್ನು ಇದು ಹೆಚ್ಚು ಕಾಡುತ್ತದೆ. ನೋವಿನ ಮೂಲವಾದ ಕಾಲನ್ನು ತೆಗೆದು, ಕಾರ್ಬೋಪ್ಲಾಟಿನ್ ಎಂಬ ಕೀಮೋಥೆರಪಿ ಔಷಧವನ್ನು ಸುಮಾರು 3 ವಾರಕ್ಕೊಮ್ಮೆ 4ರಿಂದ 6 ಬಾರಿ ಕೊಡುವುದು ರೂಢಿ. ರೋಗ ಪತ್ತೆಯಾಗುವ ಹೊತ್ತಿಗೆ ಬಹುಪಾಲು ನಾಯಿಗಳಲ್ಲಿ ಕ್ಯಾನ್ಸರ್ ಕೋಶಗಳು ಶ್ವಾಸಕೋಶ ಸೇರಿರುತ್ತವೆ. ಶಸ್ತ್ರಚಿಕಿತ್ಸೆ ಮಾತ್ರವಾದರೆ ಆಯಸ್ಸು ಸಾಮಾನ್ಯವಾಗಿ 4–5 ತಿಂಗಳು. ಕೀಮೋಥೆರಪಿಯೂ ಸೇರಿದರೆ 10–12 ತಿಂಗಳು.

ಮೂರು ಕಾಲಿನ ನಡಿಗೆಯನ್ನು ನಾಯಿ ಮಾಲೀಕನಿಗಿಂತ ಬೇಗ ಒಪ್ಪಿಕೊಳ್ಳುತ್ತದೆ. ಅನೇಕವು ಒಂದೆರಡು ದಿನಗಳಲ್ಲೇ ಎದ್ದು ಓಡಾಡುತ್ತವೆ. ದೇಹದ ಭಾರದಲ್ಲಿ ಸುಮಾರು 60% ಮುಂಗಾಲುಗಳ ಮೇಲಿರುವುದರಿಂದ ಮುಂಗಾಲು ಕಳೆದುಕೊಂಡ ನಾಯಿಗೆ ಕಷ್ಟ ತುಸು ಹೆಚ್ಚು. ನಿಜವಾದ ಶತ್ರು ಬೊಜ್ಜು: ಉಳಿದ ಕೀಲುಗಳು ಹೆಚ್ಚಿನ ಭಾರ ತಾಳಲಾರವು. ಹೊಲಿಗೆ ಮಾಯುವವರೆಗೆ ಜಿಗಿತ, ಮೆಟ್ಟಿಲು ಬೇಡ. ಗ್ರಾನೈಟ್, ಟೈಲ್ಸ್ ನೆಲದ ಮೇಲೆ ಜಾರದ ಚಾಪೆ ಹಾಸಬೇಕು. ಪಾದದಡಿಯ ಕೂದಲು, ಉಗುರು ಕತ್ತರಿಸಬೇಕು. ದೀರ್ಘ ನಡಿಗೆಗಿಂತ ದಿನಕ್ಕೆ ಹಲವು ಸಲ ಸಣ್ಣ ನಡಿಗೆ ಒಳ್ಳೆಯದು.

ಇಲ್ಲದ ಕಾಲಿನ ನೋವಿಗೆ ವೈದ್ಯರು ಗ್ಯಾಬಪೆಂಟಿನ್ ಕೊಡುವುದುಂಟು. ಮನೆಯಲ್ಲಿರುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್‌ಗಳನ್ನು ಸ್ವಂತ ಬುದ್ಧಿಯಿಂದ ಕೊಟ್ಟರೆ ವಿಷವಾಗಬಹುದು. ಕೀಮೋ ಅವಧಿಯಲ್ಲಿ ಬಿಳಿ ರಕ್ತಕಣ ಕುಸಿಯುವುದರಿಂದ ಹಸಿ ಮಾಂಸ ಸಲ್ಲದು. ಜ್ವರ, ಮಂಕು ಕಂಡರೆ ಅಂದೇ ವೈದ್ಯರಿಗೆ ತೋರಿಸಬೇಕು. ಕೀಮೋ ಔಷಧ ಕೊಟ್ಟ ಮೊದಲ ಕೆಲವು ದಿನ ಮಲಮೂತ್ರವನ್ನು ಕೈಗವಸು ಹಾಕಿಯೇ ಎತ್ತಬೇಕು. ಚಿಕಿತ್ಸೆ ಮುಗಿದ ಮೇಲೂ 2–3 ತಿಂಗಳಿಗೊಮ್ಮೆ ಎದೆಯ ಎಕ್ಸ್-ರೇ ತೆಗೆಸುತ್ತಾರೆ.