ಮಹಾವೀರಾಚಾರ್ಯರ ವರ್ಗಗಣಿತ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬನವಾಸಿ ನಾಡನ್ನು ಬಂಕೆಯನು ಆಳಿದನು. ಇಂದಿನ ಶಿಕಾರಿಪುರ, ಸೊರಬ ಸೀಮೆಗಳು ಆ ನಾಡಿಗೆ ಸೇರಿದ್ದವು. ಅದೇ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿ, ಅದರಲ್ಲಿ ಆ ದೊರೆಯನ್ನು ಸ್ತುತಿಸಿದರು.

ಮೃಗಪಕ್ಷಿಗಳ ಹಿಂಡಿನ ಲೆಕ್ಕಗಳ ಮೂಲಕ ಆಚಾರ್ಯರು ವರ್ಗಸಮೀಕರಣವನ್ನು ಬೋಧಿಸಿದರು. ಅಂಥದೇ ಒಂದು ಲೆಕ್ಕವನ್ನು ಇಂದಿನ ಅಪವರ್ತನ ಕ್ರಮದಿಂದ ಬಿಡಿಸಬಹುದು. ಹಿಂಡಿನ ಕಾಲುಭಾಗದ ವರ್ಗದಷ್ಟು ಹಂಸಗಳು ಕೆರೆಯಲ್ಲಿವೆ; ಉಳಿದ 3 ದಡದಲ್ಲಿವೆ. ಹಿಂಡಿನ ಸಂಖ್ಯೆ ‘ಯ’ ಆದರೆ,

ಯ² − 16ಯ + 48 = 0
(ಯ − 4)(ಯ − 12) = 0

ಗುಣಲಬ್ಧವು ಸೊನ್ನೆಯಾದರೆ ಅಪವರ್ತನಗಳಲ್ಲಿ ಒಂದಾದರೂ ಸೊನ್ನೆಯಾಗಲೇಬೇಕು. ಆದ್ದರಿಂದ ಹಿಂಡು 4 ಅಥವಾ 12.

ಯ(16 − ಯ) = 48 ಎಂದು ಬರೆದು, ‘ಯ = 48’ ಎನ್ನುವುದು ವಿದ್ಯಾರ್ಥಿಗಳ ಸಾಮಾನ್ಯ ತಪ್ಪು. ಮೇಲಿನ ನಿಯಮವು ಸೊನ್ನೆಗೆ ಮಾತ್ರ ಸಲ್ಲುತ್ತದೆ. ಒಂದು ಉತ್ತರ ದೊರೆತೊಡನೆ ಇನ್ನೊಂದನ್ನು ಕೈಬಿಡುವುದು ಎರಡನೆಯ ತಪ್ಪು. ತಾಳೆ ನೋಡಿದರೆ 1 + 3 = 4, 9 + 3 = 12; ಎರಡೂ ಸರಿ.

ಇಂಥ ಲೆಕ್ಕಕ್ಕೆ ಎರಡು ಮೂಲಗಳುಂಟೆಂಬುದನ್ನು ಆಚಾರ್ಯರು ಅಂದೇ ಅರಿತಿದ್ದರು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದೂ ತಿಳಿಸಿದರು. 1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ನಮ್ಮ ಮಕ್ಕಳು ಶಾಲೆಯಲ್ಲಿ ಈ ಪಾಠವನ್ನು ಕಲಿಯುವಾಗ ಆಚಾರ್ಯರ ಹೆಸರನ್ನೂ ಅರಿಯುವುದು ಉಚಿತವಾಗಿದೆ.